ಸರದಿ ಪುಸ್ತಕ

ನಿಟ್ಟೂರಿನ ಜೀಪ್ ಸ್ಟ್ಯಾಂಡಿನಲ್ಲಿ ಸರದಿ ಬರೆಯುವವಳು ನಾನು.
ಮೂವತ್ತನಾಲ್ಕು ಜೀಪು, ಒಂದು ಗುಡ್ಡ, ಒಂದು ನೀಲಿ ಪೆನ್ನು.
ಕೊಡಚಾದ್ರಿಗೆ ಯಾರು ಮೊದಲು ಹತ್ತಬೇಕು, ಯಾರು ಕಾಯಬೇಕು
ಎಲ್ಲ ನನ್ನ ಗೀಟಿನ ಮೇಲೆ.
ಹಾಗಾಗಿ ಪೆನಾಲ್ಟಿ ಅಂದರೇನೆಂದು
ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇವತ್ತು ಶುಕ್ರವಾರ. ಎಲ್ಲರ ಬಾಯಲ್ಲೂ ಅದೇ:
ಹಸಿರು ಕಾರಿನವನು ಈ ವಾರ ಇಂಜಿನ್ ಬದಲಿಸ್ತಾನಂತೆ.
ವರ್ಷಕ್ಕೆ ಪಾಲಿಗೆ ಬಂದದ್ದು ಮೂರು,
ಮೂರನ್ನೂ ಸುಟ್ಟುಕೊಂಡು ಕೂತಿದ್ದಾನೆ.
ನಾಲ್ಕನೆಯದನ್ನು ಮುಟ್ಟಿದರೆ ಸಾಲಿನ ಬಾಲಕ್ಕೆ.

"ಹೋಗಲಿ ಬಿಡ್ರೋ ಬಾಲಕ್ಕೆ," ಅಂದ ಅಬ್ಬಾಸ್,
ಟಯರಿಗೆ ಒದ್ದು ಗಾಳಿ ನೋಡುತ್ತ.
"ಈ ಟ್ರ್ಯಾಕು ಅಗಲ ಇದೆ, ಹಿಂದಿನಿಂದ ಬಂದರೂ ದಾಟಬಹುದು.
ಮುಂದಿನದು ನಮ್ಮ ಕಟ್ಟಿನಹೊಳೆ ದಾರಿ ಇದ್ದಂಗೆ,
ಎದುರಿಗೆ ಎಮ್ಮೆ ಬಂದರೂ ರಿವರ್ಸೇ ಗತಿ."

ಕ್ಲೀನರ್ ಚರಣ ತಲೆಯಾಡಿಸಿದ.
ಅವನಿಗೆ ಪ್ರತಿ ತಿರುವಿನ ವೇಗವೂ ಬಾಯಿಪಾಠ,
ಸಾಗರದ ಲೈಸೆನ್ಸ್ ಪರೀಕ್ಷೆಯಲ್ಲಿ
ರಿವರ್ಸಿಗೇ ಎರಡು ಸಲ ಫೇಲಾದವನು.

ಹಾಲೇಶ ಮಾತ್ರ ತುಟಿ ಬಿಚ್ಚಲಿಲ್ಲ.
ಮೊನ್ನೆ ಗುಡ್ಡದ ಅರ್ಧಕ್ಕೆ
ಬಿಳಿ ಹೊಗೆ ಕಾರಿ ನಿಂತಿತ್ತು ಅವನ ಜೀಪು.
ಎರಡು ಸಲ ಬೋರ್ ಹೊಡೆಸಿದ ಬ್ಲಾಕು,
ಸವೆಯಲು ಇನ್ನು ಗೋಡೆಯೇ ಇಲ್ಲ.
ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಒಂದಿದೆಯಂತೆ,
ಹಳತೇ, ಆದರೆ ಇವನ ಪಾಲಿಗೆ ಹೊಸದು,
ಬೆಳಗಾಗುವ ಮೊದಲು ಹಾಲಿನ ವ್ಯಾನಿನಲ್ಲಿ ಬರುತ್ತದೆ.

ಸ್ಟ್ಯಾಂಡಿನ ಕಾನೂನು ನಿಮಗೆ ಗೊತ್ತಿರಲಿ:
ಸರದಿ ತಪ್ಪಿಸಿದವನು ಕೊನೆಗೆ.
ಜ್ವರ ಬರಲಿ, ಮದುವೆಯಾಗಲಿ, ಅಧ್ಯಕ್ಷನೇ ಆಗಲಿ.

ಮೇಜಿಗೆ ಮೊಣಕೈ ಊರಿ ಹೇಳಿದ,
"ವಾರಿಜಕ್ಕ, ಬರಕೋ. ತಗೊಳ್ಳೋದೇ ಆದರೆ
ಈ ವಾರವೇ ತಗೊಳ್ತೀನಿ."

ಮೂರು ದಿನ ಸಾಲು ರಜೆ. ಲಾಡ್ಜು ಭರ್ತಿ.
ಇಂಥ ವಾರ ಯಾರಾದರೂ ಇಂಜಿನ್ ಬಿಚ್ಚುತ್ತಾರಾ?

"ರಶ್ಶಿದ್ದಾಗಲೇ ಅಕ್ಕ. ಸರದಿ ಮಧ್ಯಾಹ್ನಕ್ಕೇ ಒಂದು ಸುತ್ತು ಬರುತ್ತೆ,
ಕೊನೆಯವನಿಗೂ ಬಾಡಿಗೆ.
ಖಾಲಿ ವಾರ ಹಿಂದೆ ಬಿದ್ದರೆ
ಎಂಟು ದಿನ ನೊಣ ಹೊಡೀಬೇಕು."

ಬೆರಳು ಮಡಿಸಿ ಲೆಕ್ಕ ಹಾಕಿದೆ. ಸರಿಯಿತ್ತು.
ಎಲ್ಲಿ ಕಲಿತೆಯೋ ಎಂದು ಕೇಳಲಿಲ್ಲ.
ಒಂಬತ್ತನೆಯ ಹೆಸರಿನ ಮೇಲೆ ಗೀಟೆಳೆದು
ಮೂವತ್ತನಾಲ್ಕರ ಮುಂದೆ ಹಾಲೇಶ ಅಂತ ಬರೆದೆ.
ಹಾಳು ಪೆನ್ನು ಆಗಲೇ ಕೈ ಕೊಡಬೇಕೆ,
ಗೀರಿ ಗೀರಿ ಬರೆದೆ.
ಅವನು ನೋಡುತ್ತ ನಿಂತಿದ್ದ,
ತನ್ನ ಹೆಸರು ಮೂಡುವವರೆಗೂ.

ಈಗ ರಾತ್ರಿ. ಹೆಬ್ಬಲಸಿನ ಕೊಂಬೆಗೆ ಚೈನ್ ಬ್ಲಾಕ್ ಕಟ್ಟಿ
ಹಳೇ ಇಂಜಿನ್ನನ್ನು ಮೇಲೆತ್ತಿದ್ದಾರೆ.
ಅದು ನಿಧಾನ ತಿರುಗುತ್ತದೆ,
ಯಾರ ಕಡೆಗೂ ಮುಖ ಮಾಡಲಾರದೆ,
ತೊಟ್ಟು ತೊಟ್ಟು ಎಣ್ಣೆ ಡಾಲ್ಡಾ ಡಬ್ಬಿಗೆ.
ಟಾರ್ಚ್ ಕಚ್ಚಿಕೊಂಡ ಚರಣ
ಜೀಪಿನ ಖಾಲಿ ಹೊಟ್ಟೆಯೊಳಗೆ.
ಬಿಚ್ಚಿಟ್ಟ ಬಾನೆಟ್ಟಿನ ಮೇಲೆ ಮೊಬೈಲು:
ಅಲ್ಲಿ ಅಭ್ಯಾಸದ ಓಟ.
ಸಿಗ್ನಲ್ ಹೋದಾಗೆಲ್ಲ ಹಸಿರು ಕಾರು
ತಿರುವಿನ ನಡುವೆಯೇ ನಿಂತುಬಿಡುತ್ತದೆ,
ಮೈಯೆಲ್ಲ ಚೌಕ ಚೌಕವಾಗಿ.
ಸ್ಪ್ಯಾನರುಗಳೂ ನಿಲ್ಲುತ್ತವೆ.
ಜೀರುಂಡೆಗಳದ್ದು ಮಾತ್ರ ಒಂದೇ ಗೇರು.

ನಾನು ಕೆಂಪು ಕಾರಿನ ಕಡೆಯವಳು.
ಇದನ್ನು ಇಲ್ಲಿ ಯಾರಿಗೂ ಹೇಳಿಲ್ಲ.
ಸರದಿ ಬರೆಯುವವಳು ಪಕ್ಷ ಹಿಡಿಯಬಾರದು.

ಅಬ್ಬಾಸ್ ಚಹಾ ತಂದಿಟ್ಟು ಕೇಳಿದ,
"ಏನಂತೀಯ ಅಕ್ಕ, ಭಾನುವಾರ
ಹೊಸ ಇಂಜಿನ್ ತಾಳುತ್ತಾ?"
ಯಾವುದನ್ನು ಕೇಳಿದನೋ.
ಕೊಂಬೆ ಒಮ್ಮೆ ಕಿರುಗುಟ್ಟಿತು.

ನೋಡೋಣ ಅಂದೆ,
ಸ್ಕೇಲು ತೆಗೆದು ಸೋಮವಾರದ ಹಾಳೆಗೆ
ಗೀಟು ಹಾಕತೊಡಗಿದೆ.